ಕಾಲೇಜಿಗೆ ಒಂದು ವರ್ಷ ಬ್ರೇಕ್ ಹಾಕಿ ಕೆಲಸಕ್ಕೆ ಸೇರೋದಾ? ಯೋಚನೆ ಮಾಡಿ ಮಾಡಿ ತಲೆ ಕೆಟ್ಟಿದೆ

ನಾಲ್ಕನೇಸೆಮ್:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ತಾಳ್ಮೆ ಇದ್ರೆ ಓದಿ. ಇಂಜಿನಿಯರಿಂಗ್ ನಾಲ್ಕನೇ ಸೆಮ್ ಎಕ್ಸಾಮ್ ಮುಗ್ದಿದೆ, ಎರಡು ಸಬ್ಜೆಕ್ಟ್ ಬ್ಯಾಕ್ ಇದಾವೆ, ಎರಡೂ ಮ್ಯಾಥ್ಸೇ. ಕಳೆದ ವರ್ಷದಿಂದ ಸಂಜೆ ಹೊತ್ತು ಒಂದು ಸಣ್ಣ ಆಫೀಸಲ್ಲಿ ಪಾರ್ಟ್ ಟೈಮ್ ಮಾಡ್ತಾ ಇದೀನಿ, ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡ್ಕೊಳ್ಳೋದು, ಕಸ್ಟಮರ್ ಫೋನ್ ಮಾಡಿ ಎರರ್ ಬರ್ತಿದೆ ಅಂದ್ರೆ ಏನಾಗಿದೆ ಅಂತ ಕೇಳಿ ಸರಿ ಮಾಡಿ ಕೊಡೋದು, ಈ ಥರ. ಈಗ ಅವರು ಫುಲ್ ಟೈಮ್ ಬಂದ್ಬಿಡು ಅಂತಿದಾರೆ. ಮನೇಲಿ ಅಪ್ಪನ ಕೆಲಸ ಹೋಗಿದೆ, ಬೇರೆ ಹುಡುಕ್ತಿದಾರೆ ಆದ್ರೆ ಆ ವಯಸ್ಸಿಗೆ ಅಷ್ಟು ಸುಲಭ ಅಲ್ಲ, ತಂಗಿ ಮುಂದಿನ ವರ್ಷ ಕಾಲೇಜಿಗೆ ಬರ್ತಾಳೆ, ಇಬ್ರ ಫೀಸ್ ಒಟ್ಟಿಗೆ ಹೇಗೆ ಕಟ್ಟೋದು ಅಂತ ಯಾರೂ ಬಾಯಿಬಿಟ್ಟು ಮಾತಾಡ್ತಿಲ್ಲ, ಎಲ್ರ ತಲೇಲೂ ಓಡ್ತಿರೋದು ಮಾತ್ರ ಅದೇ.

ಒಂದು ವರ್ಷ ಬ್ರೇಕ್ ತಗೊಂಡು ದುಡಿದು ಆಮೇಲೆ ಐದನೇ ಸೆಮ್‌ಗೆ ವಾಪಸ್ ಹೋಗೋದು ಅಂತ ನನ್ನ ಲೆಕ್ಕ. ನಿಜ ಹೇಳ್ಬೇಕಂದ್ರೆ ದುಡ್ಡೊಂದೇ ಕಾರಣ ಅಲ್ಲ, ಕ್ಲಾಸಲ್ಲಿ ಕೂತ್ರೆ ಏನೂ ತಲೆಗೆ ಹೋಗ್ತಿಲ್ಲ, ಆಫೀಸಲ್ಲಿ ಮಾತ್ರ ನಾನೂ ಏನೋ ಉಪಯೋಗಕ್ಕೆ ಬರ್ತೀನಿ ಅನ್ಸತ್ತೆ. ಅಮ್ಮ "ಒಂದ್ಸಲ ಬಿಟ್ಟೋರು ವಾಪಸ್ ಹೋಗಿದ್ದು ಎಲ್ಲಿ ನೋಡಿದೀಯ" ಅಂತಾರೆ. ಫ್ರೆಂಡ್ಸ್ ಕೇಳಿದ್ರೆ "ಬಿಲ್ ಗೇಟ್ಸ್ ಡಿಗ್ರಿ ಮುಗಿಸಿದ್ನಾ" ಅಂತಾರೆ. ಹೋಗಿ ವಾಪಸ್ ಬಂದೋರು, ಬರದೇ ಇರೋರು, ಯಾರಾದ್ರೂ ಇದ್ರೆ ಹೇಳಿ ಪ್ಲೀಸ್. ಬೈಯೋದಿದ್ರೂ ಬೈರಿ.

ಕಟ್ಟೆಪುರಾಣ:
ಮೊದ್ಲು ಆ ಬಿಲ್ ಗೇಟ್ಸ್ ಫ್ರೆಂಡ್ಸ್‌ನ ಸೈಡಿಗಿಡು ಗುರು. ಆತ 1973ರಲ್ಲಿ ಹಾರ್ವರ್ಡ್ ಸೇರಿ 1975ರಲ್ಲಿ ಹೊರಗೆ ಬಂದಾಗ ಹೆಸರು ಕಿತ್ತಾಕ್ಕೊಂಡು ಬರ್ಲಿಲ್ಲ, ರಜೆ ಹಾಕಿ ಬಂದಿದ್ದು. ಮೈಕ್ರೋಸಾಫ್ಟ್ ಮುಳುಗಿದ್ರೆ ವಾಪಸ್ ಹೋಗಿ ಕೂರೋಕೆ ಜಾಗ ಇತ್ತು, ಅಪ್ಪ ಲಾಯರು, ಮಗನ ಸಂಬಳಕ್ಕೆ ಮನೇಲಿ ಯಾರೂ ಕಾಯ್ತಿರ್ಲಿಲ್ಲ. ಇನ್ನು ಸ್ಟೀವ್ ಜಾಬ್ಸ್, 1972ರಲ್ಲಿ ರೀಡ್ ಕಾಲೇಜ್ ಸೇರಿ ಒಂದೇ ಸೆಮಿಸ್ಟರ್‌ಗೆ ಬಿಟ್ಟಿದ್ದು ನಿಜ, ಆದ್ರೆ ಬಿಟ್ಟ ಮೇಲೂ ಅದೇ ಕ್ಯಾಂಪಸ್ ಸುತ್ತ ಇದ್ಕೊಂಡು ಕ್ಯಾಲಿಗ್ರಫಿ ಕ್ಲಾಸಿಗೆ ಹೋಗಿ ಕೂರ್ತಿದ್ದ. ಇವರ ಕಥೆ ಕೇಳಿ ಕಾಲೇಜ್ ಬಿಡೋರು ಆ ರಜೆ ಅರ್ಜಿ ವಿಷಯ ಮಾತ್ರ ಯಾವತ್ತೂ ಹೇಳಲ್ಲ. ಕಲೀಬೇಕಾಗಿರೋದು ಅದನ್ನೇ, ಬಾಗ್ಲು ಹಾಕ್ಕೊಂಡು ಹೋಗ್ಬೇಡ.

ಲೆಡ್ಜರ್‌ಅಕ್ಕ:
ನೀವು ಮೂರು ಬೇರೆ ಬೇರೆ ವಿಷಯ ಕಲಸಿ ಒಂದೇ ಪ್ರಶ್ನೆ ಮಾಡಿದೀರ. ಒಂದು ಮನೇಲಿ ದುಡ್ಡಿಲ್ಲ ಅನ್ನೋದು, ಇನ್ನೊಂದು ಓದಿ ಸಾಕಾಗಿದೆ ಅನ್ನೋದು, ಮತ್ತೊಂದು ಆ ಮ್ಯಾಥ್ಸ್ ಪೇಪರ್ ಮುಖ ನೋಡೋಕೆ ಇಷ್ಟ ಇಲ್ಲ ಅನ್ನೋದು. ಬ್ರೇಕ್ ಅನ್ನೋದು ಮೊದಲನೇದಕ್ಕೆ ಸ್ವಲ್ಪ ಮಟ್ಟಿಗೆ ಔಷಧ, ಎರಡನೇದಕ್ಕೆ ಇರಬಹುದು, ಮೂರನೇದಕ್ಕಂತೂ ಅಲ್ವೇ ಅಲ್ಲ, ಹೋದಷ್ಟೂ ಜಾಸ್ತಿ ಆಗತ್ತೆ.

ದುಡ್ಡೇ ಮುಖ್ಯ ಅಂದ್ರೆ ಮೊದ್ಲು ಲೆಕ್ಕ ಹಾಕಿ, ತಲೇಲಿ ಅಲ್ಲ, ಹಾಳೆ ಮೇಲೆ. ಫುಲ್ ಟೈಮ್ ಸಂಬಳ ಅಷ್ಟೂ ಮನೆಗೆ ಬರಲ್ಲ, ಈಗ ಬರ್ತಿರೋ ಪಾರ್ಟ್ ಟೈಮ್ ಸಂಬಳ ಅದ್ರಲ್ಲಿ ಕಳೀಬೇಕು, ಓಡಾಟದ ಖರ್ಚು ಕಳೀಬೇಕು, ಸ್ಕಾಲರ್‌ಶಿಪ್ ಇದ್ರೆ ಅದು ನಿಲ್ಲತ್ತೆ ಅದನ್ನೂ ಕಳೀಬೇಕು. ಉಳಿದಿದ್ದು ಎಷ್ಟು ಅನ್ನೋದೇ ಬ್ರೇಕ್‌ನಿಂದ ನಿಜವಾಗ್ಲೂ ಸಿಗೋ ದುಡ್ಡು. ಇನ್ನೊಂದು ಕಡೆ, ಡಿಗ್ರಿ ಒಂದು ವರ್ಷ ಲೇಟ್ ಆದ್ರೆ ಡಿಗ್ರಿ ಇರೋ ಸಂಬಳದಲ್ಲಿ ಒಂದು ವರ್ಷ ಹೋಯ್ತು ಅಂತ ಅರ್ಥ, ಅದೂ ಸಣ್ಣ ಮೊತ್ತ ಅಲ್ಲ. ಇದೆಲ್ಲ ಹಾಕಿ ನೋಡಿದ್ರೂ ಈಗಿನ ದುಡ್ಡು ಬೇಕೇ ಬೇಕು ಅಂತ ಬರಬಹುದು, ಯಾಕಂದ್ರೆ ಮನೆ ಬಾಡಿಗೆಗೆ ಮೂರು ವರ್ಷ ಆದ್ಮೇಲೆ ಬರೋ ಸಂಬಳ ಉಪಯೋಗಕ್ಕೆ ಬರಲ್ಲ. ಹಾಗೆ ಬಂದ್ರೆ ಹೋಗಿ, ತಪ್ಪೇನಿಲ್ಲ. ಆದ್ರೆ ಫೀಸ್ ಕಂತಲ್ಲಿ ಕಟ್ತೀನಿ ಅಂತ ಕಾಲೇಜಲ್ಲಿ ಕೇಳಿದೀರಾ? ಮನೇಲಿ ಆದಾಯ ನಿಂತಿದೆ ಅಂತ ಲೆಟರ್ ಕೊಟ್ಟಿದೀರಾ? ಎಜುಕೇಶನ್ ಲೋನ್ ವಿಚಾರ್ಸಿದೀರಾ? ಪೋಸ್ಟಲ್ಲಿ ಇದ್ಯಾವ್ದೂ ಇಲ್ಲ ಅದಕ್ಕೆ ಕೇಳ್ದೆ.

ಗಿರಣಿಗಡಿಯಾರ:
ನಾನೂ ಹಿಂಗ ಬಿಟ್ಟಾಂವ ಅದೀನ್ರಿ, ವಾಪಸ್ ಹೋಗಿ ಮುಗಿಸಿದಾಂವನೂ ಅದೀನಿ, ಅದಕ್ಕ ಬರ್ಯಾಕತ್ತೀನಿ. ನಿಮ್ಮ ಅವ್ವಾರು ಹೇಳೂದ್ರಾಗ ಅರ್ಧ ಖರೇ ಐತಿ. ಆದ್ರ ಮಂದಿ ಯಾಕ ವಾಪಸ್ ಹೋಗೂದಿಲ್ಲ ಅನ್ನೂದನ್ನ ಯಾರೂ ಸರಿ ಹೇಳೂದಿಲ್ಲ ನೋಡ್ರಿ. ಓದಾಕ ಬ್ಯಾಸರ ಬಂದು ಹೋಗೂದಿಲ್ಲ ಅಂತಾರ, ಹಂಗಲ್ಲ ಅದು. ಮೊದಲನೇ ಪಗಾರ ಬರ್ತೈತಿ, ಮನ್ಯಾಗ ಎಲ್ಲಾರಿಗೂ ಖುಷಿ. ಎರಡನೇದು ಮೂರನೇದು ಬರೂದ್ರಾಗ ಆ ರೊಕ್ಕಕ್ಕ ಹೆಸರು ಬಿದ್ದಿರ್ತಾವು, ಇದು ಗಾಡಿ ಕಂತು, ಇದು ಫೋನಿನ ಇಎಂಐ, ಇದು ತಂಗಿ ಫೀ, ಇದು ಮನಿ ರಿಪೇರಿ. ವರ್ಷ ತುಂಬಿದ ಮ್ಯಾಲೆ ಕಾಲೇಜಿಗೆ ಹೊಂಟೆ ಅಂದ್ರ ಮನಿ ಮಂದಿ ಯಾರೂ ಬ್ಯಾಡ ಅನ್ನೂದಿಲ್ರಿ, ಆದ್ರ "ಆ ಕಂತು ಯಾರು ಕಟ್ಟಾವ್ರು" ಅಂತ ನಿಮ್ಮನ್ನ ನೀವ ಕೇಳ್ಕೊಂಡು ಸುಮ್ನ ಕುಂದರ್ತೀರಿ. ಮುಂದಿನ ವರ್ಷ ನೋಡೂಣು ಅಂತೀರಿ. ನನ್ನ ಜೋಡಿ ಕೆಲಸಕ್ಕ ಸೇರಿದವ್ರು ಭಾಳ ಮಂದಿ ಹಿಂಗ ಉಳಿದ್ರು, ಅವ್ರು ದಡ್ಡರಲ್ಲ, ನನಗಿಂತ ಚೊಲೋ ಓದೂ ಹುಡುಗುರು.

ಕೆಲಸಕ್ಕ ಸೇರೂಕಿಂತ ಮೊದಲ ನಾ ಮನ್ಯಾಗ ಕುಂತು ಹೇಳಿದ್ನಿ, ಪಗಾರದಾಗ ಇಷ್ಟು ಮನಿಗೆ, ಉಳದದ್ದು ಬ್ಯಾರೆ ಅಕೌಂಟಿಗೆ, ಅದು ವಾಪಸ್ ಹೋಗೂ ಫೀ, ಯಾರೂ ಮುಟ್ಟೂದಿಲ್ಲ ನಾನೂ ಮುಟ್ಟೂದಿಲ್ಲ. ಕಂತಿನ ಮ್ಯಾಲೆ ಒಂದು ಸಾಮಾನೂ ತಗೊಳ್ಳಲಿಲ್ಲ. ಫೋನಿನ ಗ್ಲಾಸ್ ಒಡದಿತ್ತು, ಅದನ್ನ ಹಿಡ್ಕೊಂಡು ಅಡ್ಡಾಡಿದ್ನಿ, ಆಫೀಸಿನಾಗ ನಗತಿದ್ರು, ನಗಲಿ ಬಿಡ್ರಿ. ಮತ್ತ ವಾಪಸ್ ಹೋಗೂದು ಭಾಳ ಸುಲಭ ಏನ ಇರಲಿಲ್ಲ. ಜೂನಿಯರ್ ಹುಡುಗುರ ಜೋಡಿ ಕುಂದ್ರೂದು, ಅವ್ರು ಅಣ್ಣ ಅಣ್ಣ ಅನ್ನೂದು, ನಮ್ಮ ಬ್ಯಾಚಿನವ್ರು ಪ್ಲೇಸ್‌ಮೆಂಟ್ ಆಗಿ ಹೊಂಟು ನಿಂತಿರೂದು, ಒಂದು ತಿಂಗಳು ಮಾರಿ ಎತ್ತಿ ಅಡ್ಡಾಡಾಕ ಆಗಲಿಲ್ಲ. ಆಮ್ಯಾಲ ರೂಢಿ ಆತು.

ಅರ್ಧಮಾರ್ಕು:
ಡಿಗ್ರಿ ವೇಸ್ಟ್ ಬ್ರೋ, ಸ್ಕಿಲ್ ಇದ್ರೆ ಸಾಕು, ಆನ್‌ಲೈನಲ್ಲೇ ಎಲ್ಲ ಕಲೀಬೋದು. ಬಿಟ್ಟಾಕು.

ಕಟ್ಟೆಪುರಾಣ:
@ಅರ್ಧಮಾರ್ಕು ನೀನು ಡಿಗ್ರಿ ಮುಗಿಸಿದೀಯಾ?

ಅರ್ಧಮಾರ್ಕು:
ಹೂಂ ಮುಗ್ಸಿದೀನಿ, ಅದಕ್ಕೇ ಹೇಳ್ತಿರೋದು ವೇಸ್ಟ್ ಅಂತ

ಕಟ್ಟೆಪುರಾಣ:
ಸರಿ ಬಿಡಪ್ಪ

ನಾಲ್ಕನೇಸೆಮ್:
ಇಷ್ಟು ಬೇಗ ಇಷ್ಟೆಲ್ಲ ರಿಪ್ಲೈ ಬರತ್ತೆ ಅನ್ಕೊಂಡಿರ್ಲಿಲ್ಲ, ಥ್ಯಾಂಕ್ಸ್ ಎಲ್ರಿಗೂ. ಲೆಡ್ಜರ್‌ಅಕ್ಕ, ನೀವು ಹೇಳಿದ್ದು ಸರಿಯಾಗಿ ತಾಗ್ತು, ಲೋನ್ ಕೇಳಿಲ್ಲ, ಕಂತಲ್ಲಿ ಕಟ್ಟೋಕೆ ಬಿಡ್ತಾರಾ ಅಂತಾನೂ ಕೇಳಿಲ್ಲ. ಆಫೀಸ್ ರೂಮಲ್ಲಿ ನಿಂತು ನಮ್ಮನೇಲಿ ದುಡ್ಡಿಲ್ಲ ಅನ್ನೋದಕ್ಕೆ ಒಂಥರಾ ಆಗತ್ತೆ, ಅಲ್ಲಿ ಕ್ಲಾಸ್‌ಮೇಟ್ಸ್ ಯಾರಾದ್ರೂ ಇದ್ದೇ ಇರ್ತಾರೆ. ಗಿರಣಿ ಅಣ್ಣ, ಗಾಡಿ ಕಂತು ಅಂದ್ರಲ್ಲ, ಫುಲ್ ಟೈಮ್ ಆದ್ರೆ ಓಡಾಡೋಕೆ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ನೋಡ್ಬೇಕು ಅಂತ ನಾನಾಗ್ಲೇ ಯೋಚನೆ ಮಾಡಿಟ್ಟಿದ್ದೆ 😅 ಇನ್ನೊಂದು ಡೌಟು, ಬ್ರೇಕ್ ತಗೊಳ್ಳೋದು ಅಂದ್ರೆ ಕಾಲೇಜಲ್ಲಿ ಏನು ಮಾಡ್ಬೇಕು? ಸುಮ್ನೆ ಐದನೇ ಸೆಮ್ ಫೀಸ್ ಕಟ್ಟದೇ ಇದ್ರೆ ಆಯ್ತಾ?

ಕೌಂಟರ್‌ಮೂರು:
ಅಯ್ಯೋ ಹಾಗ್ಮಾತ್ರ ಮಾಡ್ಬೇಡಿ. ನಾನು ಒಂದು ಕಾಲೇಜಿನ ಆಫೀಸಲ್ಲೇ ಕೆಲಸ ಮಾಡೋದು (ಯಾವ್ದು ಅಂತ ಕೇಳ್ಬೇಡಿ), ವರ್ಷಾ ವರ್ಷಾ ಇದೇ ಗೋಳು. ಹುಡುಗರು ಹೇಳದೆ ಕೇಳದೆ ಬರೋದು ನಿಲ್ಲಿಸ್ತಾರೆ, ವರ್ಷ ಬಿಟ್ಟು ಬಂದು ಸರ್ ನಾನು ಬ್ರೇಕಲ್ಲಿದ್ದೆ ಅಂತಾರೆ, ನಮ್ಮ ರಿಜಿಸ್ಟರಲ್ಲಿ ಅವರು ಬ್ರೇಕಲ್ಲಿ ಇಲ್ಲ, ಡಿಸ್ಕಂಟಿನ್ಯೂ ಆಗಿರ್ತಾರೆ. ಎರಡೂ ಒಂದೇ ಅಲ್ಲ. ಮುಂಚೆನೇ ಅರ್ಜಿ ಕೊಟ್ಟು, ಇಂಥ ಸೆಮಿಸ್ಟರ್‌ನಿಂದ ಇಂಥ ಸೆಮಿಸ್ಟರ್‌ವರೆಗೆ ಅಂತ ಬರೆಸಿ, ಪ್ರಿನ್ಸಿಪಾಲ್ ಸಹಿ ಮಾಡಿಸಿ, ಯೂನಿವರ್ಸಿಟಿಗೂ ಹೋಗ್ಬೇಕಿದ್ರೆ ಕಳಿಸಿ, ಸೀಲ್ ಬಿದ್ದ ಒಂದು ಕಾಪಿ ನಿಮ್ಮ ಹತ್ರ ಇಟ್ಕೋಬೇಕು. ಬಾಯಿಮಾತಲ್ಲಿ ಎಚ್ಒಡಿ ಸರ್ ಆಯ್ತು ಹೋಗ್ಬಿಟ್ಟು ಬಾ ಅಂದಿದ್ರು ಅಂದ್ರೆ ನಡೆಯಲ್ಲ, ನೀವು ವಾಪಸ್ ಬರೋ ಹೊತ್ತಿಗೆ ಆ ಎಚ್ಒಡಿ ಬೇರೆ ಕಡೆ ಹೋಗಿರ್ತಾರೆ.

ಎರಡನೇದು, ಟಿಸಿ ಇಸ್ಕೋಬೇಡಿ. ಯಾರೋ ಹೇಳ್ತಾರೆ ಕೆಲಸಕ್ಕೆ ಸೇರೋಕೆ ಟಿಸಿ ಬೇಕು ಅಂತ, ಟಿಸಿ ಕೈಗೆ ಬಂತು ಅಂದ್ರೆ ನೀವು ಆ ಕಾಲೇಜಿನ ವಿದ್ಯಾರ್ಥಿ ಅಲ್ಲ, ಆಮೇಲೆ ವಾಪಸ್ ಬರೋದು ಅಂದ್ರೆ ಹೊಸ ಅಡ್ಮಿಶನ್ ಕಥೆ.

ಸಿಲಬಸ್ ವಿಷಯಾನೂ ಕೇಳಿ. ನೀವು ಹೋಗಿದ್ದಾಗ ಸ್ಕೀಮ್ ಬದಲಾದ್ರೆ ವಾಪಸ್ ಬರೋವಾಗ ಹೊಸ ಸ್ಕೀಮಿಗೆ ಬೀಳ್ತೀರ, ಜೂನಿಯರ್‌ಗಳು ಮೂರನೇ ಸೆಮಲ್ಲಿ ಓದಿರೋ ಯಾವ್ದೋ ಸಬ್ಜೆಕ್ಟ್ ನೀವು ಓದಿರಲ್ಲ, ಅದನ್ನ ಎಕ್ಸ್‌ಟ್ರಾ ಬರೀಬೇಕಾಗತ್ತೆ. ಇನ್ನೊಂದು, ಕೋರ್ಸ್ ಮುಗಿಸೋಕೆ ಗರಿಷ್ಠ ಇಷ್ಟು ವರ್ಷ ಅಂತ ಪ್ರತಿ ಯೂನಿವರ್ಸಿಟಿನಲ್ಲೂ ಒಂದು ಮಿತಿ ಇರತ್ತೆ, ಬ್ರೇಕ್ ಆ ಮಿತಿ ಒಳಗೇ ಎಣಿಕೆ ಆಗತ್ತಾ ಹೊರಗಾ ಅಂತ ಬರಹದಲ್ಲಿ ಕೇಳ್ಕೊಳ್ಳಿ. ಬ್ಯಾಕ್ ಇರೋರಿಗೆ ಇದು ಮುಖ್ಯ. ಬ್ರೇಕಲ್ಲಿದ್ದಾಗ ಬ್ಯಾಕ್ ಪೇಪರ್ ಬರೆಯೋಕೆ ಬಿಡ್ತಾರಾ ಇಲ್ವಾ ಅನ್ನೋದೂ ಅಷ್ಟೇ, ಕೆಲವು ಕಡೆ ಬಿಡ್ತಾರೆ ಕೆಲವು ಕಡೆ ಇಲ್ಲ.

ನಮ್ಮ ದೇಶದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ್ಮೇಲೆ ಮಧ್ಯದಲ್ಲಿ ಹೋಗಿ ಮತ್ತೆ ಬರಬಹುದು ಅನ್ನೋ ಮಾತು ಜಾಸ್ತಿ ಕೇಳ್ತೀವಿ, 2021ರಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಾನೂ ತಂತು, ಪಾಸಾದ ಸಬ್ಜೆಕ್ಟಿಗೆ ಸಿಗೋ ಪಾಯಿಂಟು, ಅಂದ್ರೆ ಕ್ರೆಡಿಟ್, ಅಲ್ಲಿ ಹೆಚ್ಚಂದ್ರೆ 7 ವರ್ಷ ಇರತ್ತೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಕ್ರೆಡಿಟ್ ಇದೆ ಅಂದ ಮಾತ್ರಕ್ಕೆ ಸೀಟ್ ಇದೆ ಅಂತಲ್ಲ, ಸೀಟ್ ಕೊಡೋದು ಕಾಲೇಜು. ಅದಕ್ಕೇ ಆ ಸೀಲ್ ಬಿದ್ದ ಕಾಪಿ ಅಂತ ಬಡ್ಕೋತಿರೋದು.

ಲೆಡ್ಜರ್‌ಅಕ್ಕ:
ಕೌಂಟರ್ ಸರ್, ಇದನ್ನ ಪಿನ್ ಮಾಡ್ಬೇಕು. ಲೋನ್ ಇರೋರಿಗೆ ಒಂದು ಮಾತು ಸೇರಿಸ್ತೀನಿ. ಇಲ್ಲಿನ ಬ್ಯಾಂಕ್ ಎಜುಕೇಶನ್ ಲೋನ್ ಸಾಮಾನ್ಯವಾಗಿ ಕೋರ್ಸ್ ಅವಧಿ ಮತ್ತೆ ಅದರ ಮೇಲೆ ಒಂದು ವರ್ಷ ಕಂತು ಕೇಳಲ್ಲ, ಬಡ್ಡಿ ಮಾತ್ರ ಮೊದಲ ದಿನದಿಂದ ಓಡ್ತಾ ಇರತ್ತೆ. ಬ್ರೇಕ್ ತಗೊಂಡ್ರೆ ಕೋರ್ಸ್ ಅವಧಿ ಅನ್ನೋದನ್ನ ಬ್ಯಾಂಕ್ ಹೇಗೆ ಲೆಕ್ಕ ಹಾಕತ್ತೆ ಅಂತ ಹೋಗೋಕೆ ಮುಂಚೆ ಕೇಳ್ಬೇಕು, ಕಾಲೇಜಿನ ಅನುಮತಿ ಪತ್ರದ ಕಾಪಿ ಅಲ್ಲೂ ಕೊಟ್ಟಿರ್ಬೇಕು. ಇಲ್ಲಾಂದ್ರೆ ಅರ್ಧ ಓದಿರೋವಾಗ್ಲೇ ಕಂತಿನ ನೋಟೀಸ್ ಮನೆಗೆ ಬರತ್ತೆ.

ಜೆಟ್‌ಲ್ಯಾಗ್‌ಭಟ್ಟ:
ಹೊರದೇಶದಲ್ಲಿ ಓದ್ತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಕಥೆ ಇನ್ನೂ ಕಷ್ಟ ಮಾರಾಯ್ರೆ. ಅಮೆರಿಕದಲ್ಲಿ ಎಫ್-1 ಅಂದ್ರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಕಾಲೇಜಿನ ಒಪ್ಪಿಗೆ ತಗೊಂಡು ಮಧ್ಯದಲ್ಲಿ ನಿಲ್ಲಿಸಿದ್ರೂ ದೇಶ ಬಿಡ್ಲಿಕ್ಕೆ ಸಿಗುವುದು 15 ದಿನ, ಅಲ್ಲೇ ಉಳಿದು ಕೆಲಸ ಮಾಡುವ ಪ್ರಶ್ನೆಯೇ ಇಲ್ಲ. ಅಲ್ಲಿಯ ವಿದ್ಯಾರ್ಥಿಗಳಿಗೇ ಫೆಡರಲ್ ಅಂದ್ರೆ ಸರ್ಕಾರಿ ಲೋನ್ ಇದ್ರೆ, ಅರ್ಧಕ್ಕಿಂತ ಕಡಿಮೆ ಕೋರ್ಸ್ ಆಯ್ತು ಅಂದ ಕೂಡ್ಲೇ ಕಂತು ಕಟ್ಟಬೇಕಿಲ್ಲದ 6 ತಿಂಗಳ ಗಡುವು ಶುರು ಆಗ್ತದೆ, ಆಮೇಲೆ ಕಂತು. ಒಮ್ಮೆ ಆ 6 ತಿಂಗಳು ಪೂರ್ತಿ ಮುಗಿದ್ರೆ ಡಿಗ್ರಿ ಆದಮೇಲೆ ಆ ಸಾಲಕ್ಕೆ ಮತ್ತೆ ಸಿಗುವುದಿಲ್ಲ. ಕಾಲೇಜು ಒಪ್ಪಿದ ರಜೆ ಅಂದ್ರೂ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ನನ್ನ ರೂಮಿನವನಿಗೆ ಇದು ಗೊತ್ತಿತ್ತು, ಹಾಗಾಗಿ ಒಂದೇ ಸೆಮಿಸ್ಟರ್ ರಜೆ ಹಾಕಿ ದುಡಿದು ಗಡುವು ಮುಗಿಯುವ ಮೊದಲೇ ವಾಪಸ್ ಬಂದು ಕೂತ. ವರ್ಷವೇ ಯಾಕೆ ಬೇಕು ಅಂತ ಕೇಳಿ ನೋಡಿ ನಿಮ್ಮನ್ನು ನೀವೇ, ಆರು ತಿಂಗಳು ಸಾಕಾಗ್ಬಹುದು.

ಕೌಂಟರ್‌ಮೂರು:
ಭಟ್ರೇ, ಅದು ಅಲ್ಲಿಗೆ ಸರಿ. ಇಲ್ಲಿ ಬಹಳ ಕಡೆ ಐದನೇ ಸೆಮ್ ವರ್ಷಕ್ಕೊಂದ್ಸಲ ಮಾತ್ರ ಶುರು ಆಗೋದು, ಅರ್ಧ ವರ್ಷ ಬಿಟ್ರೆ ಮಿಕ್ಕ ಅರ್ಧ ತಾನಾಗೇ ಹೋಗತ್ತೆ. ನಾಲ್ಕನೇಸೆಮ್ ಅವರೇ, ಆರು ತಿಂಗಳಿಗೆ ಅಂತ ಹೊರಡೋ ಮುಂಚೆ ಇದನ್ನ ಕೇಳ್ಕೊಳ್ಳಿ.

ಎಚ್ಆರ್‌ಪುಟ್ಟಿ:
ಕಂಪನಿ ಕಡೆಯಿಂದ ಹೇಳ್ತೀನಿ, ನಾನು ರಿಕ್ರೂಟ್‌ಮೆಂಟಲ್ಲಿ ಇರೋದು. ಎಜುಕೇಶನ್ ಗ್ಯಾಪ್ ನೋಡಿ ನಾವು ಹೆದರ್ತೀವಿ ಅಂತ ಹುಡುಗರು ಅನ್ಕೊಂಡಿರ್ತಾರೆ. ಗ್ಯಾಪಲ್ಲಿ ಏನ್ ಮಾಡಿದ್ರಿ ಅಂತ ಕೇಳ್ದಾಗ ಇಂಥ ಕಡೆ ಇಂಥ ಕೆಲಸ ಮಾಡ್ದೆ, ಮನೇಲಿ ಬೇಕಾಗಿತ್ತು ಅಂತ ನೇರ ಹೇಳಿ ಕಾಗದ ತೋರಿಸಿದ್ರೆ ಮುಗೀತು, ಒಂದು ನಿಮಿಷದ ವಿಷಯ. ಕೆಲವು ಕ್ಯಾಂಪಸ್ ಡ್ರೈವ್‌ಗಳಲ್ಲಿ ಇಷ್ಟಕ್ಕಿಂತ ಜಾಸ್ತಿ ಗ್ಯಾಪ್ ಇರಬಾರದು, ಬ್ಯಾಕ್ ಇರಬಾರದು ಅಂತ ಕಟ್‌ಆಫ್ ಇಟ್ಟಿರ್ತಾರೆ, ಅದು ನಿಜ, ಅದರ ಬಗ್ಗೆ ಪ್ಲೇಸ್‌ಮೆಂಟ್ ಆಫೀಸರನ್ನ ಕೇಳಿ. ತೊಂದ್ರೆ ಆಗೋದು ಡಿಗ್ರಿ ಮುಗಿಸದೇ ಇರೋರಿಗೆ. ನಾಲ್ಕೈದು ವರ್ಷ ಚೆನ್ನಾಗಿ ಕೆಲಸ ಮಾಡಿರ್ತಾರೆ, ಟೀಮಲ್ಲಿ ಎಲ್ರಿಗಿಂತ ಗೊತ್ತಿರತ್ತೆ, ಆದ್ರೆ ಫಾರ್ಮಲ್ಲಿ ಡಿಗ್ರಿ ಕಾಲಂ ಖಾಲಿ ಇದ್ರೆ ಸಿಸ್ಟಮ್ಮೇ ಅವರ ರೆಸ್ಯೂಮೆನ ಮುಂದಕ್ಕೆ ಕಳಿಸಲ್ಲ, ನಮ್ಮ ಟೇಬಲ್‌ಗೆ ಬರೋದೇ ಇಲ್ಲ. ಸೇರೋವಾಗ ಗೊತ್ತಾಗಲ್ಲ, ಮೊದಲನೇ ಕಂಪನಿ ಬಿಟ್ಟು ಎರಡನೇದಕ್ಕೆ ಹೋಗೋವಾಗ ಗೊತ್ತಾಗತ್ತೆ.

ಈಗ ನಿಮ್ಮ ಆಫರ್ ವಿಷಯ. ಆಫರ್ ಲೆಟರಲ್ಲಿ ಬಾಂಡ್ ಇದ್ಯಾ ನೋಡಿ, ಎರಡು ವರ್ಷ ಬಿಡೋ ಹಾಗಿಲ್ಲ ಅಂತ ಇದ್ರೆ ನಿಮ್ಮ ಒಂದು ವರ್ಷದ ಲೆಕ್ಕ ಅಲ್ಲೇ ಹೋಯ್ತು. ನೋಟೀಸ್ ಪಿರಿಯಡ್ ಎಷ್ಟು ಅಂತ ನೋಡಿ, ಕಾಲೇಜ್ ಶುರು ಆಗೋ ತಾರೀಖಿನಿಂದ ಹಿಂದಕ್ಕೆ ಎಣಿಸಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರಿಗೂ ಕೊಡ್ಬೇಡಿ, ನೋಡಿ ವಾಪಸ್ ಕೊಡೋದು ಬೇರೆ, ಇಟ್ಕೊಳ್ಳೋದು ಬೇರೆ. ಸಂಬಳ ಬ್ಯಾಂಕಿಗೆ ಬರ್ಲಿ, ಕೈಗೆ ಕ್ಯಾಶ್ ಕೊಟ್ರೆ ನಾಳೆ ಎಕ್ಸ್‌ಪೀರಿಯನ್ಸ್ ಅಂತ ತೋರಿಸೋಕೆ ಏನೂ ಇರಲ್ಲ. ಆಮೇಲೆ ಡೆಸಿಗ್ನೇಷನ್ ಏನು ಬರೀತಾರೆ ಅಂತ ಈಗ್ಲೇ ಕೇಳಿ, ಮಾಡೋದು ಸಾಫ್ಟ್‌ವೇರ್ ಸಪೋರ್ಟು, ಲೆಟರಲ್ಲಿ ಆಫೀಸ್ ಅಸಿಸ್ಟೆಂಟ್ ಅಂತಿದ್ರೆ ಆ ವರ್ಷ ಎಣಿಕೆಗೇ ಬರಲ್ಲ. ಮತ್ತೆ ಮುಖ್ಯವಾಗಿ, ನಾನು ಒಂದು ವರ್ಷ ಆದ್ಮೇಲೆ ಕಾಲೇಜಿಗೆ ಹೋಗ್ತೀನಿ ಅಂತ ಅವರಿಗೆ ಹೇಳಿದೀರಾ?

ನಾಲ್ಕನೇಸೆಮ್:
ಹೇಳಿಲ್ಲ. ಹೇಳಿದ್ರೆ ತಗೊಳ್ಳಲ್ಲ ಅಂತ ಭಯ.

ಎಚ್ಆರ್‌ಪುಟ್ಟಿ:
ಒಂದು ವರ್ಷದಿಂದ ನಿಮ್ಮನ್ನ ನೋಡಿದಾರೆ, ಅವರೇ ಬಾ ಅಂತ ಕರೀತಿದಾರೆ. ಸಣ್ಣ ಆಫೀಸಲ್ಲಿ ಕಸ್ಟಮರ್ ಹತ್ರ ಸಮಾಧಾನವಾಗಿ ಮಾತಾಡೋ ಹುಡುಗ ಸಿಗೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ. ಕೇಳಿ ನೋಡಿ. ಕೇಳೋವಾಗ ಫುಲ್ ಟೈಮ್ ಅಲ್ಲದೇ ಇದ್ರೂ ಪಾರ್ಟ್ ಟೈಮ್ ಗಂಟೆ ಜಾಸ್ತಿ ಮಾಡೋಕಾಗತ್ತಾ, ಮನೆಯಿಂದ ಮಾಡೋಕಾಗತ್ತಾ ಅಂತಾನೂ ಕೇಳಿ.

ಸೀಮೆಸುಣ್ಣ:
ನಾನು ಮ್ಯಾಥ್ಸ್ ಪಾಠ ಮಾಡೋಳು, ಹಾಗಾಗಿ ಆ ಎರಡು ಪೇಪರ್ ಬಗ್ಗೆ ಮಾತ್ರ ಹೇಳ್ತೀನಿ. ಎಬ್ಬಿಂಗ್‌ಹೌಸ್ ಅಂತ ಒಬ್ಬರು ಜರ್ಮನ್ ಮನಶ್ಶಾಸ್ತ್ರಜ್ಞ 1885ರಲ್ಲೇ ತಮ್ಮ ಮೇಲೇ ಪ್ರಯೋಗ ಮಾಡ್ಕೊಂಡು ಬರೆದಿದಾರೆ, ಕಲಿತಿದ್ದು ಮರೆಯೋದು ಶುರುವಲ್ಲೇ ಜಾಸ್ತಿ, ಆಮೇಲೆ ನಿಧಾನ ಆಗತ್ತೆ ಅಂತ. ಅಂದ್ರೆ ಬಿಟ್ಟ ಮೊದಲ ಕೆಲವು ವಾರದಲ್ಲೇ ಬಹಳಷ್ಟು ಹೋಗಿರತ್ತೆ, ವರ್ಷ ಆದ್ಮೇಲೆ ನೋಡ್ಕೊಂಡ್ರಾಯ್ತು ಅನ್ನೋದಕ್ಕೆ ಅಲ್ಲಿ ಏನೂ ಉಳಿದಿರಲ್ಲ. ಮ್ಯಾಥ್ಸಲ್ಲಿ ಇದು ಇನ್ನೂ ಕೆಟ್ಟದು, ಒಂದರ ಮೇಲೆ ಒಂದು ಕಟ್ಟಿರೋದಲ್ವಾ, ಇಂಟಿಗ್ರೇಷನ್ ಮರೆತ್ರೆ ಡಿಫರೆನ್ಷಿಯಲ್ ಈಕ್ವೇಶನ್ ಪುಟ ತೆಗೆಯೋಕೂ ಆಗಲ್ಲ, ಅದು ಬರದೇ ಇದ್ರೆ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಯಾತಕ್ಕೆ ಅಂತ್ಲೇ ಗೊತ್ತಾಗಲ್ಲ.

ಬ್ರೇಕ್ ತಗೊಳ್ಳೋದಾದ್ರೂ ಆ ಎರಡು ಪೇಪರ್ ಮುಗಿಸಿ ಹೋಗಪ್ಪಾ. ಎಲ್ಲ ಓದ್ಬೇಡ, ಹಳೇ ಪ್ರಶ್ನೆ ಪತ್ರಿಕೆ ಐದು ಆರು ಇಟ್ಕೊಂಡು ಪದೇ ಪದೇ ಬರೋ ಲೆಕ್ಕ ಗುರುತು ಹಾಕು, ಅದನ್ನ ಪುಸ್ತಕ ಮುಚ್ಚಿ ಮಾಡು. ಓದಿ ಅರ್ಥ ಆಯ್ತು ಅನ್ನೋದು ಬೇರೆ, ಖಾಲಿ ಹಾಳೆ ಮೇಲೆ ಕೈ ಓಡೋದು ಬೇರೆ, ನಮ್ಮ ಹುಡುಗರು ಫೇಲ್ ಆಗೋದು ಈ ಎರಡರ ನಡುವೆ. ಇನ್ನೂ ಒಂದು ಮಾತು, ಕ್ಲಾಸಲ್ಲಿ ತಲೆಗೆ ಹೋಗ್ತಿಲ್ಲ ಅಂದ್ಯಲ್ಲ, ಮನೇಲಿ ಈ ಪರಿಸ್ಥಿತಿ ಇದ್ದು ಸಂಜೆ ಕೆಲಸ ಮಾಡಿ ರಾತ್ರಿ ಓದೋ ಯಾರ ತಲೆಗೂ ಹೋಗಲ್ಲ. ನಿನಗೆ ಓದು ಬರಲ್ಲ ಅಂತ ಅದರಿಂದ ತೀರ್ಮಾನ ಮಾಡ್ಕೋಬೇಡ.

ಹಳೇಬೆಂಚು:
ಎಲ್ರೂ ವಾಪಸ್ ಹೋಗೋದು ಹೇಗೆ ಅಂತ್ಲೇ ಹೇಳ್ತಿದೀರ, ವಾಪಸ್ ಹೋಗದೇ ಇರೋನು ಒಬ್ಬ ಮಾತಾಡ್ಲಾ. ನಾನು ಬಿಕಾಂ ಎರಡನೇ ವರ್ಷದಲ್ಲಿ ಬಿಟ್ಟೆ, ಕಾರಣ ದುಡ್ಡೇ. ಮತ್ತೆ ಕ್ಲಾಸಿಗೆ ಹೋಗ್ಲಿಲ್ಲ, ಹೋಗ್ಬೇಕು ಅಂತ ಅನ್ಸ್ಲೂ ಇಲ್ಲ. ಕೆಲಸ ಮಾಡ್ತಾ ಮಾಡ್ತಾ ಓಪನ್ ಯೂನಿವರ್ಸಿಟಿಯಲ್ಲಿ ಹೆಸರು ಕೊಟ್ಟು ಡಿಗ್ರಿ ಮುಗಿಸ್ದೆ. ಇಂಗ್ಲೆಂಡಲ್ಲಿ 1969ರಲ್ಲಿ ಓಪನ್ ಯೂನಿವರ್ಸಿಟಿ ಅಂತ ಶುರು ಮಾಡಿದ್ದೇ ನಮ್ಮಂಥ ಹಗಲು ದುಡಿಯೋರಿಗೆ, ಇಲ್ಲಿ 1985ರಲ್ಲಿ ಇಗ್ನೋ ಬಂತು. ರೆಗ್ಯುಲರ್ ಕಾಲೇಜೇ ಒಂದೇ ದಾರಿ ಅಂತ ಅನ್ಕೋಬೇಡಿ. ಆದ್ರೆ ನಂದು ಬಿಕಾಂ, ಲ್ಯಾಬ್ ಇಲ್ಲ ವರ್ಕ್‌ಶಾಪ್ ಇಲ್ಲ, ಪುಸ್ತಕ ಇಟ್ಕೊಂಡು ಓದಿ ಬರೆದ್ರೆ ಆಯ್ತು. ಇಂಜಿನಿಯರಿಂಗ್‌ನ ಹೀಗೆ ಮನೇಲಿ ಕೂತು ಮುಗಿಸೋಕಾಗಲ್ಲ, ಹಾಗಾಗಿ ನನ್ನ ದಾರಿ ನಿಮಗೆ ಸಿಗಲ್ಲ, ಬೇರೆ ಕೋರ್ಸಿಗೆ ಬದಲಾಯಿಸೋಕೆ ಮನಸ್ಸಿದ್ರೆ ಮಾತ್ರ. ಭಾನುವಾರ ಅನ್ನೋದು ನನಗೆ ಎಷ್ಟೋ ವರ್ಷ ಇರ್ಲೇ ಇಲ್ಲ, ಅದನ್ನೂ ಹೇಳ್ಬಿಡ್ತೀನಿ.

ಕಟ್ಟೆಪುರಾಣ:
ನನಗೆ ಅನ್ಸೋದು ಕೆಲಸ ಒಂದು ಕಡೆ ಓದು ಒಂದು ಕಡೆ ಅಂತ ಯಾಕಿರ್ಬೇಕು ಅಂತ. ಸಿನ್ಸಿನಾಟಿ ಯೂನಿವರ್ಸಿಟಿಯಲ್ಲಿ ಹರ್ಮನ್ ಶ್ನೈಡರ್ ಅಂತ ಒಬ್ಬರು ಮೇಷ್ಟ್ರು 1906ರಲ್ಲೇ ಇಂಜಿನಿಯರಿಂಗ್ ಹುಡುಗರನ್ನ ಸರದಿ ಮೇಲೆ ಕ್ಲಾಸಿಗೂ ಫ್ಯಾಕ್ಟರಿಗೂ ಕಳಿಸೋ ಪದ್ಧತಿ ಶುರು ಮಾಡಿದ್ರು, ಸಂಬಳಾನೂ ಕೊಡ್ತಿದ್ರು. ಕೆನಡಾದ ವಾಟರ್‌ಲೂ ಯೂನಿವರ್ಸಿಟಿ 1957ರಲ್ಲಿ ಶುರು ಆಗಿದ್ದೇ ಈ ಕೋ-ಆಪ್ ಪದ್ಧತಿ ಇಟ್ಕೊಂಡು, ಈಗ ಅಲ್ಲಿ ನಾಲ್ಕು ತಿಂಗಳು ಓದು ನಾಲ್ಕು ತಿಂಗಳು ಕೆಲಸ. ಅಲ್ಲಿ ಇದಕ್ಕೆ ಬ್ರೇಕ್ ಅನ್ನಲ್ಲ, ಕೋರ್ಸಿನ ಭಾಗ ಅಂತಾರೆ. ನಮ್ಮ ಕಾಲೇಜುಗಳಲ್ಲಿ ಅಷ್ಟಿಲ್ಲ, ಸರಿ. ಆದ್ರೆ ಈಗ ಸಿಲಬಸ್ಸಲ್ಲಿ ಇಂಟರ್ನ್‌ಶಿಪ್ ಅಂತ ಇರತ್ತೆ, ಅದಕ್ಕೆ ಎಲ್ರೂ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರ್ತಾರೆ. ನೀನು ನಿಜವಾಗ್ಲೂ ಮಾಡ್ತಿರೋ ಕೆಲಸಾನ ಅದಕ್ಕೆ ಲೆಕ್ಕ ಹಾಕ್ತಾರಾ ಅಂತ ಎಚ್ಒಡಿ ಹತ್ರ ಕೇಳು. ಆಗಲ್ಲ ಅಂದ್ರೆ ಆಗಲ್ಲ ಅಷ್ಟೇ.

ಅಪ್ಪನಪರವಾಗಿ:
ನಾನು ಇಲ್ಲಿ ಬಹುಶಃ ಎಲ್ಲರಿಗಿಂತ ದೊಡ್ಡವನು, ನನಗೂ ಕಾಲೇಜಿಗೆ ಹೋಗೋ ಮಗ ಇದಾನೆ. ಕೆಲಸ ಹೋಗಿ ಮನೇಲಿ ಕೂತಿರೋದು ಹೇಗಿರತ್ತೆ ಅಂತ ಗೊತ್ತಿರೋದ್ರಿಂದ ಬರೀತಿದೀನಿ. ನೀನು ಇಷ್ಟು ಉದ್ದ ಬರೆದಿದ್ರಲ್ಲಿ ಅಮ್ಮ ಏನಂದ್ರು ಇದೆ, ಫ್ರೆಂಡ್ಸ್ ಏನಂದ್ರು ಇದೆ, ಅಪ್ಪ ಏನಂದ್ರು ಅಂತ ಒಂದು ಸಾಲೂ ಇಲ್ಲ ಮಗು. ಅವರನ್ನ ಕೇಳೇ ಇಲ್ಲ ಅಂತ ನನಗನ್ಸತ್ತೆ. ನಿನ್ನ ಕಾಲೇಜ್ ನಿಂತಿದ್ದು ತನ್ನಿಂದ ಅಂತ ಆ ಮನುಷ್ಯ ಎಷ್ಟು ವರ್ಷ ಅನ್ಕೊಂಡಿರ್ತಾನೆ ಗೊತ್ತಾ? ಒಂದು ವೇಳೆ ಮನೆಗೆ ನಿನ್ನ ಸಂಬಳ ಬೇಕೇ ಆಗಿರಬಹುದು, ಆಗ ಅವರೇ ಕೂತು ಹೌದು ಕಣೋ ಒಂದು ವರ್ಷ ಕೈ ಹಿಡಿ ಅನ್ನಲಿ. ಅಥವಾ ಅವರ ಹತ್ರ ನಿನಗೆ ಗೊತ್ತಿಲ್ಲದ ಪಿಎಫ್ ಇರಬಹುದು, ಎಲ್ಐಸಿ ಇರಬಹುದು, ಮಕ್ಕಳ ಓದಿಗೆ ಅಂತ ತೆಗೆದಿಟ್ಟಿದ್ದು ಇರಬಹುದು. ಮನೇಲಿ ಎಷ್ಟು ಬರತ್ತೆ ಎಷ್ಟು ಹೋಗತ್ತೆ ಅಂತ ಮಕ್ಕಳಿಗೆ ಹೇಳದೇ ಇರೋದು ನಮ್ಮ ತಲೆಮಾರಿನ ಕೆಟ್ಟ ಅಭ್ಯಾಸ, ನೀನೇ ಬಾಯಿ ತೆಗಿ. ತಂಗೀನೂ ಕೂರಿಸ್ಕೋ, ಅವಳಿಗೋಸ್ಕರ ಬಿಡ್ತಿದೀಯ ಅಂತ ಆಮೇಲೆ ಯಾರೋ ಹೇಳಿ ಗೊತ್ತಾಗೋದು ಬೇಡ.

ನಾಲ್ಕನೇಸೆಮ್:
ಅಂಕಲ್, ಅದನ್ನ ಓದಿ ಫೋನ್ ಕೆಳಗಿಟ್ಟೆ. ನಿಜ, ಕೇಳಿಲ್ಲ.

ಗಿರಣಿಗಡಿಯಾರ:
ಅಪ್ಪಾರ ಮಾತು ಖರೇರಿ. ನಮ್ಮ ಅಪ್ಪಗ ನಾ ಕೇಳಿದ್ದ ಬ್ಯಾರೆ, ಅವ್ರು ಹೇಳಿದ್ದ ಬ್ಯಾರೆ ಇತ್ತು. ಕೇಳ್ರಿ ಮೊದ್ಲ.

ನಾಲ್ಕನೇಸೆಮ್:
ಅಪ್‌ಡೇಟ್ ಹಾಕು ಅಂತ ಕೆಲವರು ಮೆಸೇಜಲ್ಲಿ ಕೇಳಿದ್ರು, ಅದಕ್ಕೆ. ಮನೇಲಿ ಕೂತು ಮಾತಾಡಿದ್ವಿ, ಶುರುವಲ್ಲಿ ಎಲ್ರೂ ಟಿವಿ ಕಡೆ ನೋಡ್ತಿದ್ವಿ ಆಮೇಲೆ ಸರಿ ಹೋಯ್ತು. ಅಪ್ಪ ಒಂದು ಹಳೇ ಡೈರಿ ತಂದು ಲೆಕ್ಕ ತೋರಿಸಿದ್ರು, ಉಳಿತಾಯ ಒಂದು ಎಂಟು ತಿಂಗಳಿಗೆ ಆಗೋಷ್ಟಿದೆ, ಇಬ್ರ ಫೀಸೂ ಸೇರಿದ್ರೆ ಅಷ್ಟೂ ಬರಲ್ಲ. ನಾನು ಬಿಡೋದಕ್ಕೆ ಅವರು ಒಪ್ಪಲೂ ಇಲ್ಲ ಬೇಡ ಅನ್ನಲೂ ಇಲ್ಲ, ಮೊದ್ಲು ಬೇರೆ ಬಾಗ್ಲೆಲ್ಲ ತಟ್ಟು ಅಂದ್ರು. ಆಫೀಸ್ ರೂಮಿಗೆ ಅವರೇ ಜೊತೆಗೆ ಬಂದ್ರು. ಫೀಸ್ ಮೂರು ಕಂತಲ್ಲಿ ಕಟ್ಟೋಕೆ ಲೆಟರ್ ಕೊಡಿ ನೋಡೋಣ ಅಂದಿದಾರೆ, ಕೊಟ್ಟಿದೀವಿ, ಉತ್ತರ ಇನ್ನೂ ಬಂದಿಲ್ಲ. ಕೆಲಸದ ಕಡೆ ಸರ್ ಹತ್ರ ಎಲ್ಲ ನೇರ ಹೇಳ್ದೆ, ಬೈತಾರೆ ಅನ್ಕೊಂಡೆ, ವಾರಕ್ಕೆ ಮೂರು ದಿನ ಸಂಜೆ ಮತ್ತೆ ಶನಿವಾರ ಪೂರ್ತಿ ಬಾ, ಸಂಬಳ ಅದಕ್ಕೆ ತಕ್ಕ ಹಾಗೆ ಜಾಸ್ತಿ ಮಾಡ್ತೀನಿ ಅಂದ್ರು. ಫುಲ್ ಟೈಮಿನಷ್ಟಿಲ್ಲ, ಆದ್ರೆ ಲೆಡ್ಜರ್‌ಅಕ್ಕ ಹೇಳಿದ ಹಾಗೆ ಕಳೆದು ನೋಡಿದ್ರೆ ವ್ಯತ್ಯಾಸ ನಾನು ಅನ್ಕೊಂಡಷ್ಟು ದೊಡ್ಡದೂ ಇಲ್ಲ.

ಹಾಗಾಗಿ ಕಂತಿಗೆ ಒಪ್ಪಿದ್ರೆ ಐದನೇ ಸೆಮ್‌ಗೆ ಹೋಗ್ತೀನಿ. ಒಪ್ಪದೇ ಇದ್ರೆ ಬ್ರೇಕೇ, ಆದ್ರೆ ಅರ್ಜಿ ಕೊಟ್ಟು, ಬ್ಯಾಕ್ ಪೇಪರ್ ಬರೆದು, ಬೈಕ್ ತಗೊಳ್ಳದೆ. ಸೀಮೆಸುಣ್ಣ ಮೇಡಂ, ಹಳೇ ಪೇಪರ್ ಪ್ರಿಂಟ್ ತೆಗೆಸಿದೀನಿ, ನೀವು ಹೇಳಿದ್ದು ನಿಜ, ಪುಸ್ತಕ ಮುಚ್ಚಿದ್ರೆ ಮೊದಲನೇ ಲೆಕ್ಕಕ್ಕೇ ಕೈ ನಿಂತ್ಹೋಯ್ತು. ಬ್ರೇಕ್ ಅರ್ಜೀಲಿ ಕಾರಣ ಏನಂತ ಬರೀಬೇಕು? ಒಂದು ಡ್ರಾಫ್ಟ್ ಬರೆದಿಟ್ಕೊಳ್ಳೋಣ ಅಂತ.

ಕೌಂಟರ್‌ಮೂರು:
"ವೈಯಕ್ತಿಕ ಕಾರಣ" ಅಂತ ಮಾತ್ರ ಬರೀಬೇಡಿ, ಎಲ್ರೂ ಅದನ್ನೇ ಬರೀತಾರೆ, ಮೇಲಿನವರು ನೋಡಿ ಪಕ್ಕಕ್ಕಿಡ್ತಾರೆ. ತಂದೆಯವರ ಕೆಲಸ ಇಂಥ ತಿಂಗಳು ನಿಂತಿದೆ, ಆದಾಯ ಇಲ್ಲ ಅಂತ ನೇರ ಬರೆದು, ಅವರ ರಿಲೀವಿಂಗ್ ಲೆಟರ್ ಜೆರಾಕ್ಸ್ ಲಗತ್ತಿಸಿ. ಯಾವ ಸೆಮಿಸ್ಟರ್‌ಗೆ ವಾಪಸ್ ಬರ್ತೀರ ಅಂತ ವರ್ಷ ಸಮೇತ ಬರೀರಿ. ಕೆಳಗೆ ನಿಮ್ಮ ಸಹಿ ಜೊತೆ ತಂದೆ ಸಹಿನೂ ಇರ್ಲಿ. ಎರಡು ಪ್ರತಿ ತಗೊಂಡೋಗಿ, ಒಂದರ ಮೇಲೆ ಇನ್‌ವರ್ಡ್ ನಂಬರ್ ಮತ್ತೆ ತಾರೀಖು ಹಾಕಿಸ್ಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ, ಊಟದ ಟೈಮ್ ಆಯ್ತು ಆಮೇಲೆ ಬಾ ಅಂದ್ರೂ ಅಲ್ಲೇ ನಿಂತಿರಿ.